ಅರಮನೆ ಬಿಡುವ ಹಾಡಿಗೆ ಬಿದ್ದ ತೆಂಗಿನಕಾಯಿ

ಹೋದ ತಿಂಗಳು ತಿಪಟೂರಿನಿಂದ ಒಬ್ಬ ಯುವಕ ನನ್ನನ್ನು ಹುಡುಕಿಕೊಂಡು ತುರುವೇಕೆರೆಗೆ ಬಂದಿದ್ದ. ಕೀಬೋರ್ಡ್ ಕಲಿತಿದ್ದಾನೆ, ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುವ ಕೆಲಸಕ್ಕೆ ಹೊಸದಾಗಿ ಇಳಿದಿದ್ದಾನೆ. ಬಂದವನೇ ಕಾಲಿಗೆ ಬಿದ್ದು, ಚಾಪೆಯ ಮೇಲೆ ಕೂತು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಅಪ್ಪಣೆ ಕೇಳಿ, ಬಹಳ ಭಕ್ತಿಯಿಂದ ಒಂದು ಪ್ರಶ್ನೆ ಹಾಕಿದ.

"ಸಾರ್, ಮಣಿಕೇತು ನಾಟಕದಲ್ಲಿ ಅರಮನೆ ಬಿಡೋ ಹಾಡೈತಲ್ಲ, ಅದ್ರಲ್ಲಿ 'ಹೊಸ್ತಿಲೇ' ಅನ್ನೋ ಕಡೆ ಮಧ್ಯ ಒಂದು 'ಉಸ್' ಬತ್ತದಲ್ಲ. ಅದು ಯಾವ ಸಂಪ್ರದಾಯದ್ದು ಸಾರ್?"

"ತೆಂಗಿನಕಾಯಿ ಸಂಪ್ರದಾಯ ಕಣಪ್ಪ," ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ರೆಕಾರ್ಡಿಂಗ್ ನಿಲ್ಲಿಸಿದ. ವಯಸ್ಸಾದವರ ಹತ್ತಿರ ಮಾತಾಡುವಾಗ ಬರುವ ಒಂದು ಬಗೆಯ ಮೆಲುದನಿಯಲ್ಲಿ "ಆಯ್ತು ಸಾರ್, ರೆಸ್ಟ್ ಮಾಡಿ" ಎಂದು, ಕಾಫಿ ಕುಡಿದು ಹೊರಟುಹೋದ. ನಾನು ಹೇಳಿದ್ದು ನಿಜವೇ ಆಗಿತ್ತು. ಅವನಿಗೂ ಅವನಂಥವರಿಗೂ ಅರ್ಥವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸನ್ಮಾನ, ಶಾಲು, ಹಾರಗಳ ವಿಷಯ ಇಲ್ಲಿ ಬರುವುದಿಲ್ಲ. ಶಾಲುಗಳನ್ನೆಲ್ಲ ನನ್ನ ಹೆಂಡತಿ ಹಪ್ಪಳ ಒಣಗಿಸಲು ಬಳಸುತ್ತಾಳೆ.

ಮೊದಲಿಗೆ, ಈ ಕೆಲಸ ಏನೆಂದು ತಿಳಿಯಬೇಕು. ನಮ್ಮ ಕಡೆ ಸುಗ್ಗಿ ಮುಗಿದು, ಕಾಯಿ ಕೆಡವಿ, ಅಟ್ಟಕ್ಕೆ ಏರಿಸಿ ಆದ ಮೇಲೆ ಊರಿನ ಗಂಡಸರಿಗೆ ನಾಟಕದ ಹುಚ್ಚು ಹತ್ತುತ್ತದೆ. ಆಗ ಒಬ್ಬ ಮೇಷ್ಟ್ರನ್ನು ಕರೆಸುತ್ತಾರೆ. ಮೇಷ್ಟ್ರು ಕಾಲಿನಲ್ಲಿ ತಿದಿ ಒತ್ತಿ ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ ತೆಗೆದುಕೊಂಡು ಹೋಗಿ, ಆ ಊರಿನಲ್ಲೇ ಉಳಿದು, ಸಂಜೆ ಸಂಜೆ ಮಾತು ಕಲಿಸಬೇಕು, ಹಾಡು ಕಲಿಸಬೇಕು. ಗಂಡು ಪಾತ್ರಗಳೆಲ್ಲ ಊರಿನವರವು. ಹೆಣ್ಣು ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರು ನಾಟಕದ ದಿನವೇ ಬಸ್ಸಿಳಿಯುತ್ತಾರೆ. ಅವರಿಗೆ ಎಲ್ಲ ನಾಟಕವೂ ಬಾಯಿಪಾಠ, ಅಭ್ಯಾಸ ಬೇಕಿಲ್ಲ. ನಾಟಕದ ರಾತ್ರಿ ಮೇಷ್ಟ್ರು ರಂಗದ ಮುಂದೆ ಕೂತು ಬೆಳಗಿನವರೆಗೆ ನುಡಿಸಬೇಕು, ಮರೆತವರಿಗೆ ಮಾತು ಎತ್ತಿಕೊಡಬೇಕು, ಬೆಳಗಾದ ಮೇಲೆ ಎಲ್ಲರ ತಪ್ಪಿಗೂ ಬೈಸಿಕೊಳ್ಳಬೇಕು.

ನಾನು ಈ ಕೆಲಸಕ್ಕೆ ಬಂದದ್ದು ಪ್ರತಿಭೆಯಿಂದಲ್ಲ. ನನ್ನ ಗುರುಗಳನ್ನು ಸುತ್ತಿನ ಊರುಗಳಲ್ಲಿ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಅವರು ಪ್ರಾಯದಲ್ಲಿ ಯಾವುದೋ ಅಲೆಮಾರಿ ನಾಟಕ ಕಂಪನಿಯಲ್ಲಿದ್ದು ಬಂದವರು. ನಾನು ಶಿಷ್ಯನಾಗಲು ಹೋದಾಗ ಒಂದು ಹಾಡು ಹೇಳಿಸಿದರು. ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದರು.

"ನಿನ್ ಗಂಟ್ಲು ಗಂಟ್ಲಲ್ಲ ಕಣ್ಲಾ," ಎಂದರು. "ಕಿವೀನೂ ಅಷ್ಟಕ್ಕಷ್ಟೆ. ಎದ್ದು ನಿಂತ್ಕ, ನೋಡಾನ."

ಎದ್ದು ನಿಂತೆ. ತೋಟದಲ್ಲಿ ಏತ ತುಳಿದು ಬೆಳೆದ ನನ್ನ ಕಾಲುಗಳನ್ನು ಮೇಲಿಂದ ಕೆಳಗೆ ನೋಡಿದರು.

"ಕಾಲು ಚೆನ್ನಾಗವೆ. ಬಾ, ತಿದಿ ಒತ್ತು."

ಹೀಗೆ ನಾನು ಕಾಲಿನ ಬಲದಿಂದ ಸಂಗೀತಗಾರನಾದೆ. ಎಷ್ಟೋ ದಿನ ಅವರು ಬೆರಳಾಡಿಸುವಾಗ ಪಕ್ಕದಲ್ಲಿ ಕೂತು ತಿದಿ ಒತ್ತುವುದೊಂದೇ ನನ್ನ ಪಾಠವಾಗಿತ್ತು. ಹಾರ್ಮೋನಿಯಂನ ಬಿಳಿ ಕಪ್ಪು ಪಟ್ಟಿಗಳನ್ನು ನಾವು ಮನೆ ಎನ್ನುತ್ತೇವೆ. ಆ ಮನೆಗಳ ಮೇಲೆ ನನ್ನ ಬೆರಳನ್ನು ಅವರು ಮೊದಲ ಸಲ ಇಡಗೊಟ್ಟಿದ್ದು ಅರಮನೆ ಬಿಡುವ ಹಾಡಿಗೆ.

ಮಣಿಕೇತು ಎಂಬ ರಾಜ ಮೋಸಕ್ಕೆ ಸಿಕ್ಕಿ ರಾಜ್ಯ ಕಳೆದುಕೊಂಡು ಹೆಂಡತಿಯೊಂದಿಗೆ ಅರಮನೆ ಬಿಟ್ಟು ಹೋಗುತ್ತಾನೆ. ಹೊಸ್ತಿಲು ದಾಟುವ ಮುಂಚೆ ಇಬ್ಬರೂ ಹಾಡುತ್ತಾರೆ. "ಬಿಟ್ಟು ನಡೆವೆವು ನಾವು ಬೆಳಗಿದರಮನೆಯ, ಹೊಸ್ತಿಲೇ ನಮ್ಮನು ಮರೆಯದಿರು." ಮೊದಲ ಚರಣ ರಾಜನದು, ಎರಡನೆಯದು ರಾಣಿಯದು. ಈ 'ಹೊಸ್ತಿಲೇ' ಎನ್ನುವ ಕಡೆ ಹಾಡು ಮೇಲಿನ ಷಡ್ಜವನ್ನು ಮುಟ್ಟುವ ಮುಂಚೆ ಒಂದು ಮೆಟ್ಟಿಲು ಕೆಳಗೆ, ನಿಷಾದದಲ್ಲಿ, ನಿಂತುಬಿಡುತ್ತದೆ. ದಾಟಲು ಮನಸ್ಸಿಲ್ಲದೆ ನಿಲ್ಲುತ್ತದೆ.

"ಇಲ್ಲಿ ನಿಲ್ಲು," ಎಂದು ದೊಡ್ಡ ಮೇಷ್ಟ್ರು ನನ್ನ ಬೆರಳನ್ನು ಅದುಮಿ ಹಿಡಿದಿದ್ದರು. "ಓಡ್ಬ್ಯಾಡ. ನಮ್ ಕಂಪನೀಲಿ ರಾಣಿ ಪಾರ್ಟಿನ ಆಯಮ್ಮ ಇಲ್ಲಿ ನಿಂತ್ಕಂಡ್ರೆ ಟೆಂಟಿನ ಆಚೆ ಕಡ್ಲೇಕಾಯಿ ಮಾರೋನು ಮಾರೋದು ನಿಲ್ಲುಸ್ತಿದ್ದ. ಇಡೀ ನಾಟ್ಕ ಬರೋದೇ ಇಲ್ಲಿ ನಿಲ್ಲಕ್ಕೆ ಅಂತ ತಿಳ್ಕ."

ತಿಳಿದುಕೊಂಡೆ. ಅವರು ತೀರಿಹೋಗುವವರೆಗೂ ತಪ್ಪದೆ ಅಲ್ಲಿ ನಿಂತೆ. ಅವರ ಹಾರ್ಮೋನಿಯಂ ನನಗೆ ಬಂತು, ಹಳ್ಳಿಗಳೂ ಬಂದವು. ಮೇಷ್ಟ್ರೇ ಮೇಷ್ಟ್ರೇ ಎಂದು ಕರೆಸಿಕೊಳ್ಳುತ್ತ ನನ್ನ ತಲೆ ಸ್ವಲ್ಪ ತಿರುಗಿತು. ಒಂದೂರಿನಲ್ಲಿ ನುಡಿಸುತ್ತ ನುಡಿಸುತ್ತ ನಿದ್ದೆಹೋದೆ. ಬೆರಳು ನಿಂತರೂ ಕಾಲು ಮಾತ್ರ ತಿದಿ ಒತ್ತುತ್ತಲೇ ಇತ್ತಂತೆ. ರಂಗದ ಮೇಲಿದ್ದ ಮಂತ್ರಿ ಹಾಡು ಎತ್ತಲು ಶ್ರುತಿಗಾಗಿ ಕಾದು ಕಾದು, ಕೊನೆಗೆ ಕತ್ತಿಯ ತುದಿಯಿಂದ ನನ್ನ ಪೇಟವನ್ನು ತಟ್ಟಿ ಎಬ್ಬಿಸಿದ. ಜನ ಅದೂ ನಾಟಕದ ಭಾಗವೆಂದುಕೊಂಡು ಚಪ್ಪಾಳೆ ಹೊಡೆದರು. ನಾನೂ ಹಾಗೆಯೇ ಇರಲಿ ಎಂದು ಎದ್ದು ನಿಂತು ಕೈ ಮುಗಿದೆ.

ಇನ್ನು ತೆಂಗಿನಕಾಯಿ. ದಬ್ಬೇಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ ಮಣಿಕೇತು ನಾಟಕ ಕಲಿಸುತ್ತಿದ್ದೆ. ರಾಜನ ಪಾತ್ರ ಪುಟ್ಟಸ್ವಾಮಿಯದು. ಒಳ್ಳೆಯ ತೋಟವಿದ್ದವನು, ಎದೆ ತುಂಬಾ ದನಿ, ತಲೆಯಲ್ಲಿ ತಾನು ರಾಜನೇ ಎಂಬ ನಂಬಿಕೆ. ಅಭ್ಯಾಸ ನಡೆಯುತ್ತಿದ್ದುದು ಅವನ ಕೊಬ್ಬರಿ ಮನೆಯಲ್ಲಿ. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟದ ಮೇಲೆ ಹರಡಿ, ನೀರು ಇಂಗುವವರೆಗೆ ತಿಂಗಳುಗಟ್ಟಲೆ ಬಿಡುತ್ತಾರೆ. ಬಿದಿರಿನ ಗಳಗಳನ್ನು ಸಾಲಾಗಿ ಜೋಡಿಸಿ ಮಾಡಿದ ಅಟ್ಟ. ಕೆಳಗೆ ತಂಪಾದ ಜಾಗ. ಅಲ್ಲಿ ಒಂದೇ ಒಂದು ಬಲ್ಬಿತ್ತು. ನಾನು ಹಾರ್ಮೋನಿಯಂ ಅನ್ನು ಸರಿಯಾಗಿ ಅದರ ಕೆಳಗೆ ಹಾಕಿಸಿದೆ.

"ಮೇಷ್ಟ್ರೇ, ಅಲ್ಲಿ ಬ್ಯಾಡಿ," ಎಂದ ಪುಟ್ಟಸ್ವಾಮಿ. "ಮ್ಯಾಲೆ ಗಳ ಲಡ್ಡಾಗೈತೆ, ಯಾವಾಗ್ ಬೇಕಾದ್ರೂ ಜಾರ್ತದೆ."

"ಮೇಷ್ಟ್ರ ಮುಖದ ಮೇಲೆ ಬೆಳಕಿರಬೇಕು ಕಣಪ್ಪ," ಎಂದೆ ನಾನು. ನನ್ನ ಮುಖದ ಮೇಲೆ ಬೆಳಕಿದ್ದು ಯಾರಿಗೆ ಏನಾಗಬೇಕಿತ್ತೋ ಗೊತ್ತಿಲ್ಲ.

ಅರಮನೆ ಬಿಡುವ ಹಾಡನ್ನೇ ಹೇಳಿಕೊಡುತ್ತಿದ್ದೆ. 'ಹೊಸ್ತಿ' ಎಂದು ಪುಟ್ಟಸ್ವಾಮಿ ಎದೆಯುಬ್ಬಿಸಿದ. ಮೇಲೆ ಗಳ ಜಾರಿತು. ಒಂದು ಕಾಯಿ ಇಳಿದು ನೇರವಾಗಿ ನಿಷಾದದ ಮನೆಯ ಮೇಲೆ ಬಿತ್ತು. ನನ್ನ ಬೆರಳು ಇನ್ನೂ ಅಲ್ಲಿಗೆ ತಲುಪಿರಲಿಲ್ಲ, ನಾನು ಯಾವತ್ತೂ ತಾಳಕ್ಕೆ ಸ್ವಲ್ಪ ಹಿಂದೆ. ಹಾಗಾಗಿ ಬೆರಳು ಉಳಿಯಿತು. ಮನೆ ಮಾತ್ರ ಮುರಿದು ಒಳಗೆ ಕುಸಿಯಿತು. ಉಳಿದೆಲ್ಲವೂ ಚೆನ್ನಾಗಿ ನುಡಿಯುತ್ತಿತ್ತು. ಆ ಜಾಗಕ್ಕೆ ಬಂದಾಗ ಮಾತ್ರ ಸೀಳಿನಿಂದ ಗಾಳಿ ಉಸ್ ಎಂದು ಹೊರಗೆ ಹೋಗುತ್ತಿತ್ತು.

ಬೇರೆ ಶ್ರುತಿಗೆ ಹಾಡನ್ನು ಏರಿಸಿಕೊಂಡಿದ್ದರೆ ಮುರಿದ ಮನೆ ತಪ್ಪುತ್ತಿತ್ತು. ಆದರೆ ನಾನು ಎಲ್ಲ ಊರಿಗೂ, ಎಲ್ಲ ಗಂಟಲಿಗೂ ಒಂದೇ ಶ್ರುತಿ ಇಟ್ಟುಕೊಂಡಿದ್ದವನು. ಬೇರೆಯದರಲ್ಲಿ ಬೆರಳು ತಡವರಿಸುತ್ತಿತ್ತು. ರಿಪೇರಿಗೆ ತುಮಕೂರಿಗೇ ಹೋಗಬೇಕು. ನಾಟಕ ಮುಗಿಯಲಿ ಎಂದುಕೊಂಡೆ. ಓಡುವ ಹಾಡುಗಳಲ್ಲಿ ಒಂದು ಸ್ವರ ಬಿಟ್ಟುಹೋದರೆ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ನಿಲ್ಲುವ ಹಾಡಿನಲ್ಲಿ.

ನಮ್ಮ ಕಡೆಯ ರೈತರು ಹಾಡು ಕಲಿಯುವ ರೀತಿಯೇ ಬೇರೆ. ಮೇಷ್ಟ್ರು ಏನು ಮಾಡುತ್ತಾರೋ ಅದಷ್ಟನ್ನೂ ಕಲಿಯುತ್ತಾರೆ. ಮಧ್ಯೆ ನಾನು ಕೆಮ್ಮಿದರೆ ಅದೂ ಸೇರಿಕೊಳ್ಳುತ್ತದೆ. ಎರಡು ದಿನಕ್ಕೆಲ್ಲ ಪುಟ್ಟಸ್ವಾಮಿ 'ಹೊಸ್ತಿ' ಎಂದು ನಿಲ್ಲಿಸಿ, 'ಉಸ್' ಎಂದು ಉಸಿರು ಬಿಟ್ಟು, ಒಮ್ಮೆಲೇ ಮೇಲಿನ ಷಡ್ಜಕ್ಕೆ ಹಾರಿ 'ಲೇ' ಎನ್ನತೊಡಗಿದ.

"ಉಸ್ ಹಾಡಿನಲ್ಲಿಲ್ಲ ಪುಟ್ಟಸ್ವಾಮಿ," ಎಂದೆ.

"ಪೆಟ್ಟಿಗೇಲಿ ಐತಲ್ಲ ಮೇಷ್ಟ್ರೇ," ಎಂದು ಹಾರ್ಮೋನಿಯಂ ತೋರಿಸಿದ.

"ಪೆಟ್ಟಿಗೆ ಮುರಿದಿದೆ ಕಣಪ್ಪ."

"ಇರ್ಲಿ ಬುಡಿ. ನಂಗೆ ಕೂತ್ಕಂಡ್‌ಬುಡ್ತು."

ನಾಟಕದ ದಿನ ರಾಣಿ ಪಾತ್ರಕ್ಕೆ ತಿಪಟೂರಿನಿಂದ ಕಮಲಮ್ಮ ಬಂದಳು. ಆಗಿನ್ನೂ ಅವಳು ಪ್ರಾಯದವಳು, ನಾನೂ. ಕೈಯಲ್ಲಿ ಒಂದು ಟ್ರಂಕು, ಜೀರಿಗೆ ಬಿಸಿನೀರಿನ ಫ್ಲಾಸ್ಕು. ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. "ಯಾವ ಶ್ರುತಿ ಮೇಷ್ಟ್ರೇ? ಎಷ್ಟು ಹಾಡು ಉಳ್ಸಿದೀರ?" ಎಂದು ಕೇಳಿ, ಬಣ್ಣಕ್ಕೆ ಕೂತಳು. ಉಸ್ ವಿಷಯ ಅವಳಿಗೆ ಹೇಳಲು ನಾನು ಮರೆತೆ.

ಅರಮನೆ ಬಿಡುವ ಹಾಡು ಬರುವ ಹೊತ್ತಿಗೆ ಯಾವಾಗಲೂ ಬೆಳಕು ಹರಿದಿರುತ್ತದೆ. ಜನ ಅರ್ಧ ನಿದ್ದೆಯಲ್ಲಿರುತ್ತಾರೆ, ಹಾಲು ಹಾಕಲು ಹೊರಟವರು ಕ್ಯಾನು ಹಿಡಿದು ಅಂಚಿನಲ್ಲಿ ನಿಂತಿರುತ್ತಾರೆ. ಪುಟ್ಟಸ್ವಾಮಿ ಎದ್ದು ನಿಂತು ಹಾಡಿದ. 'ಹೊಸ್ತಿ', 'ಉಸ್', 'ಲೇ'. ಮಲಗಿದ್ದವರು ಎದ್ದು ಕೂತರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಪಕ್ಕದವಳಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

"ಪಾಪ, ರಾಜಂಗೆ ಉಸ್ರು ಕಟ್ಟೋಯ್ತು ಕಣವ್ವ. ಬಾಯಿಂದ ಮಾತೇ ಬರ್ವೊಲ್ದು."

ಒನ್ಸ್ ಮೋರ್ ಕೂಗಿದರು. ಪುಟ್ಟಸ್ವಾಮಿ ಮತ್ತೆ ಹಾಡಿದ, ಈ ಸಲ ಉಸ್ ಇನ್ನೂ ದೊಡ್ಡದು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕಮಲಮ್ಮನ ಚರಣ. ಅವಳು ಹಾಡಿನ ಮೂಲ ಮಟ್ಟಿನಲ್ಲೇ ಎತ್ತಿ, ನಿಷಾದಕ್ಕೆ ಬಂದು ನಿಂತಳು. ಅಲ್ಲಿ ನನ್ನ ಪೆಟ್ಟಿಗೆಯ ಆಸರೆ ಇರಲಿಲ್ಲ. ಅವಳು ತಬ್ಬಿಬ್ಬಾಗಿ ನನ್ನತ್ತ ನೋಡಿದಳು. ಅಷ್ಟರಲ್ಲಿ ಜನರಲ್ಲಿ ಗುಸುಗುಸು ಎದ್ದಿತು.

"ಈಯಮ್ಮಂಗೆ ಹಾಡು ಬರಕ್ಕಿಲ್ಲ. ರಾಜ ಹಾಡ್ದಂಗೆ ಹಾಡಮ್ಮ," ಎಂದು ಯಾರೋ ಕೂಗಿದರು.

ಅವಳು ವೃತ್ತಿಯವಳು. ಮತ್ತೆ ಮೊದಲಿನಿಂದ ಎತ್ತಿ, ಪುಟ್ಟಸ್ವಾಮಿಯ ಹಾಗೆಯೇ ಉಸ್ ಎಂದು ಉಸಿರು ಬಿಟ್ಟು ಮೇಲಕ್ಕೆ ಹಾರಿದಳು. ಚಪ್ಪಾಳೆ ಬಿತ್ತು.

ನಾಟಕ ಮುಗಿದ ಮೇಲೆ ಬಣ್ಣದ ಮನೆಯಲ್ಲಿ ಅವಳು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮುಖದ ಬಣ್ಣ ತೆಗೆಯುತ್ತಿದ್ದಳು. ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದಳು.

"ಆ ಹಾಡು ನಮ್ಮವ್ವ ಹಾಡ್ತಿದ್ದಿದ್ದು ಮೇಷ್ಟ್ರೇ. ಕಂಪನೀಲಿ ರಾಣಿ ಪಾರ್ಟು ಅವ್ಳೇ ಮಾಡ್ತಿದ್ದಿದ್ದು. ಅಲ್ಲಿ ನಿಂತ್ಕಳದು ಹೆಂಗೆ ಅಂತ ನನ್ನನ್ನ ತೊಡೆ ಮೇಲೆ ಕೂರುಸ್ಕಂಡು ಹೇಳ್ಕೊಟ್ಟಿದ್ಲು. ಅವ್ಳು ನಂಗೆ ಬಿಟ್ಟೋಗಿರದು ಅದೊಂದೇ. ನೀವು ಅದ್ನೇ ತೆಗ್ದು ಆಚೆಗೆ ಹಾಕುದ್ರಲ್ಲ."

ದೊಡ್ಡ ಮೇಷ್ಟ್ರು ಹೇಳುತ್ತಿದ್ದ ಆಯಮ್ಮ ಇವಳ ತಾಯಿ ಎಂದು ಆಗ ತಿಳಿಯಿತು. ನನಗೆ ತುಂಬಾ ನಾಚಿಕೆಯಾಯಿತು.

"ಪೆಟ್ಟಿಗೆ ರಿಪೇರಿ ಮಾಡುಸ್ತೀನಿ ಕಣಮ್ಮ," ಎಂದೆ. "ಮುಂದಿನ ಸಲ ನಿಂತ್ಕಳಿ. ನಾನೂ ನಿಂತ್ಕತೀನಿ."

ಮಾತಿನಂತೆ ತುಮಕೂರಿಗೆ ಹೋಗಿ ರಿಪೇರಿ ಮಾಡಿಸಿದೆ. ಹೊಸ ಮನೆ ಉಳಿದವುಗಳಿಗಿಂತ ಬೆಳ್ಳಗೆ, ಕಟ್ಟಿಸಿದ ಹಲ್ಲಿನ ಹಾಗೆ ಕಾಣುತ್ತಿತ್ತು. ನುಡಿ ಮಾತ್ರ ಶುದ್ಧವಾಗಿತ್ತು. ಮುಂದಿನ ನಾಟಕ ಹುಳಿಯಾರಿನ ಕಡೆಯ ಒಂದು ಊರಿನಲ್ಲಿ, ಅದೇ ಮಣಿಕೇತು. ಇನ್ನೇನು, ಎಲ್ಲ ಸರಿಹೋಯಿತು ಎಂದುಕೊಂಡು ಮೂಲ ಮಟ್ಟನ್ನು ಹೇಳಿಕೊಡಲು ಕೂತೆ. ಅಲ್ಲಿನ ರಾಜ ಎರಡನೇ ಸಾಲಿಗೇ ಕೈ ಅಡ್ಡ ಹಿಡಿದ.

"ಮೇಷ್ಟ್ರೇ, ಇದ್ಯಾವ್ದೋ ಹಳೇದು. ಪುಟ್ಟಸ್ವಾಮಣ್ಣನ ಮಟ್ಟು ಹೇಳ್ಕೊಡಿ."

ಪುಟ್ಟಸ್ವಾಮಿಯ ನಾಟಕವನ್ನು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದರು. ಆ ಕ್ಯಾಸೆಟ್ಟು ನನಗಿಂತ ಮುಂಚೆ ಹುಳಿಯಾರು ಸೇರಿತ್ತು. ನಾನು ಗುರುಗಳ ಹೆಸರು ಹೇಳಿದೆ, ಸಂಗೀತದ ನಿಯಮ ಹೇಳಿದೆ, ಕೊನೆಗೆ ತೆಂಗಿನಕಾಯಿಯ ಕಥೆಯನ್ನೂ ಹೇಳಿದೆ. ಅವರು ಚೆನ್ನಾಗಿ ನಕ್ಕರು. "ಉಸ್ ಇಲ್ದಿದ್ರೆ ನಮ್ಮೂರಲ್ಲಿ ಮಕ ಎತ್ಕಂಡು ತಿರುಗಂಗಿಲ್ಲ, ಬ್ಯಾರೆ ಮೇಷ್ಟ್ರುನ್ನ ನೋಡ್ಕತೀವಿ" ಎಂದರು. ನಾನು ಶರಣಾದೆ. ಈಗ ಪೆಟ್ಟಿಗೆ ಉಸ್ ಎನ್ನುತ್ತಿರಲಿಲ್ಲವಾದ್ದರಿಂದ ಕಲಿಸುವಾಗ ಅದನ್ನು ನಾನೇ ಬಾಯಿಂದ ಮಾಡಿ ತೋರಿಸಬೇಕಾಯಿತು. ಊರಿನ ಗಂಡಸರೆಲ್ಲ ಸುತ್ತ ಕೂತು ನನ್ನ ಬಾಯನ್ನೇ ನೋಡುತ್ತಿರುವಾಗ ನಾನು ಗಾಳಿ ಬಿಟ್ಟ ಸೈಕಲ್ ಟ್ಯೂಬಿನ ಹಾಗೆ ಉಸ್ ಎನ್ನುತ್ತಿದ್ದೆ. "ಇನ್ನೊಸಿ ಎದೆಯಿಂದ ಬರ್ಲಿ ಮೇಷ್ಟ್ರೇ," ಎಂದು ಅವರೇ ನನ್ನನ್ನು ತಿದ್ದಿದರು.

ನಾಟಕದ ದಿನ ಕಮಲಮ್ಮ ಬಂದವಳೇ ಟ್ರಂಕು ಇಳಿಸದೆ ಕೇಳಿದಳು. "ರಿಪೇರಿ ಆಯ್ತಾ?"

ಹೊಸ ಮನೆ ತೋರಿಸಿದೆ. ಅವಳು ಬಗ್ಗಿ ಒಂದು ಬೆರಳಿನಿಂದ ಒತ್ತಿದಳು, ನಾನು ತಿದಿ ಒತ್ತಿದೆ. ನಿಷಾದ ನುಡಿಯಿತು. ಅದು ನುಡಿಯುತ್ತಿರುವಷ್ಟು ಹೊತ್ತೂ ಅವಳ ಮುಖ ನೋಡಬೇಕಿತ್ತು. ಬೀದಿಯ ಕೊನೆಯಲ್ಲಿ ಅಮ್ಮನನ್ನು ಕಂಡ ಮಗುವಿನ ಮುಖವಾಗಿತ್ತು ಅದು. ನಾನು ಮೆಲ್ಲಗೆ, "ಆದರೆ ಊರವರು ಒಪ್ಪುತ್ತಿಲ್ಲ ಕಣಮ್ಮ," ಎಂದೆ. ಅವಳು ಬೆರಳು ತೆಗೆದಳು.

"ಆಯ್ತು ಬುಡಿ ಮೇಷ್ಟ್ರೇ."

"ಮುಂದಿನ ಸಲ ನೋಡಾಣ."

ಅಲ್ಲಿಂದ ಮುಂದೆ ಅದೇ ನಮ್ಮ ಕುಶಲೋಪರಿಯಾಯಿತು. ಯಾವ ಊರಿನಲ್ಲಿ ಸಿಕ್ಕಿದರೂ ಅವಳು "ಈ ಸಲ?" ಎನ್ನುತ್ತಿದ್ದಳು. ನಾನು "ಮುಂದಿನ ಸಲ" ಎನ್ನುತ್ತಿದ್ದೆ. ಅವಳು ನಕ್ಕು ಬಣ್ಣಕ್ಕೆ ಕೂರುತ್ತಿದ್ದಳು. ಮೊದಮೊದಲು ಆ ನಗುವಿನಲ್ಲಿ ನೋವಿತ್ತು. ಆಮೇಲೆ ಬರಿಯ ನಗು ಉಳಿಯಿತು. ಅದು ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಮಟ್ಟು ಮಾತ್ರ ಬೆಳೆಯುತ್ತಾ ಹೋಯಿತು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಅದೂ ಹೋಗಿ ಮೊಬೈಲು ಬಂತು. ಅಮ್ಮಸಂದ್ರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಹೆಣ್ಣನ್ನು ಒಪ್ಪಿಸಿಕೊಡುವಾಗ ಬ್ಯಾಂಡಿನವರು ಅರಮನೆ ಬಿಡುವ ಹಾಡನ್ನೇ ನುಡಿಸಿದರು. ಉಸ್ ಬರುವ ಕಡೆ ಕ್ಲಾರಿಯೋನೆಟ್‌ನವನು ನಿಲ್ಲಿಸಿದ, ತಾಳದವನು ತಾಳವನ್ನು ಮೆಲ್ಲಗೆ ಉಜ್ಜಿ ಆ ಶಬ್ದ ತಂದ. ಹುಡುಗಿಯ ತಾಯಿ ಸರಿಯಾಗಿ ಅಲ್ಲಿಗೇ ಬಿಕ್ಕಿದಳು. ನಾನು ಎಲೆಯ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಇದಕ್ಕೆಲ್ಲ ಮೂಲಪುರುಷ ನಾನೇ ಎಂದು ಪಕ್ಕದವರಿಗೆ ಹೇಳಲೋ ಬೇಡವೋ ಎಂದು ಯೋಚಿಸಿದೆ. ಅವರು ನನ್ನನ್ನು ನೋಡಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದರು. ಹಾಕಿಸಿಕೊಂಡೆ.

ಚಿಕ್ಕನಾಯಕನಹಳ್ಳಿಯಲ್ಲಿ ಒಮ್ಮೆ ರಂಗಗೀತೆ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕೂರಿಸಿದರು. ಒಬ್ಬ ಹುಡುಗಿ ಈ ಹಾಡನ್ನು ಎತ್ತಿಕೊಂಡು, ಎಲ್ಲಿ ಕಲಿತಿದ್ದಳೋ, ಉಸ್ ಇಲ್ಲದೆ ನಿಷಾದವನ್ನು ಹಿಡಿದು ಚೆನ್ನಾಗಿಯೇ ಹಾಡಿದಳು. ನನ್ನ ಪಕ್ಕದ ತೀರ್ಪುಗಾರರು ಮೈಕು ತೆಗೆದುಕೊಂಡು, "ಮೂಲ ಮಟ್ಟಿಗೆ ನಿಷ್ಠೆಯಿಂದಿರಬೇಕು ಮಗು, ಉಸ್ ಬಿಟ್ಟರೆ ಈ ಹಾಡಿಗೆ ಜೀವವೇ ಇಲ್ಲ. ಬೇಕಿದ್ದರೆ ನಮ್ಮ ಮೇಷ್ಟ್ರನ್ನು ಕೇಳು," ಎಂದರು. ಸಭೆಯೆಲ್ಲ ನನ್ನನ್ನು ನೋಡಿತು. ನಾನು ಗಂಭೀರವಾಗಿ ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ಯಾರಿಗೂ ತಿಳಿಯದ ಹಾಗೆ ತಲೆ ಅಲ್ಲಾಡಿಸುವುದನ್ನು ಈ ವೃತ್ತಿಗೆ ಬರುವವರು ಮೊದಲು ಕಲಿಯಬೇಕು.

ಆಮೇಲೆ ಕೀಬೋರ್ಡ್ ಬಂತು. ಗುಂಡಿ ಒತ್ತಿದರೆ ಗುಡುಗು, ಗುಂಡಿ ಒತ್ತಿದರೆ ಕುದುರೆ. ಒಬ್ಬ ಕೀಬೋರ್ಡಿನವನು ಉಸ್‌ಗೂ ಒಂದು ಗುಂಡಿ ಇಟ್ಟಿದ್ದ. ಮನೆಯ ಕುಕ್ಕರಿನ ಆವಿಯ ಶಬ್ದವನ್ನು ಹಿಡಿದು ಒಳಗೆ ಸೇರಿಸಿದ್ದನಂತೆ. ರಾಜ ಹೊಸ್ತಿಲ ಮುಂದೆ ನಿಂತಾಗಲೆಲ್ಲ ನನಗೆ ಅನ್ನ ಬೆಂದಿತೇನೋ ಅನ್ನಿಸುತ್ತಿತ್ತು. ಅಷ್ಟರಲ್ಲಿ ನನ್ನ ಮಂಡಿ ಕೆಟ್ಟಿತು. ತಿದಿ ಒತ್ತಲಾಗದ ಮೇಲೆ ನಾನು ಮೇಷ್ಟ್ರಲ್ಲ. ನನ್ನನ್ನು ಈ ಕೆಲಸಕ್ಕೆ ತಂದದ್ದೂ ಕಾಲು, ಬಿಡಿಸಿದ್ದೂ ಕಾಲು. ಪೆಟ್ಟಿಗೆಗೆ ಬಟ್ಟೆ ಹೊದಿಸಿ ಮೂಲೆಗಿಟ್ಟೆ.

ಹೋದ ವರ್ಷ ಪುಟ್ಟಸ್ವಾಮಿ ಮನೆಗೆ ಬಂದ. ಮೊಮ್ಮಕ್ಕಳನ್ನು ಕಂಡಿದ್ದಾನೆ, ಹಲ್ಲು ಕಟ್ಟಿಸಿದ್ದಾನೆ, ಎದೆಯುಬ್ಬಿಸುವುದು ಮಾತ್ರ ಹಾಗೇ ಇದೆ.

"ಮೇಷ್ಟ್ರೇ, ಇನ್ನೊಂದ್ಸಲ ಅರಮನೆ ಬುಡ್ಬೇಕು ನಾನು," ಎಂದ. "ಕೀಬೋರ್ಡು ಬ್ಯಾಡ. ನೀವೇ ಬರ್ಬೇಕು. ರಾಣಿಗೆ ಕಮಲಮ್ಮನ್ನೇ ಕೇಳಿದೀನಿ. ಆಯಮ್ಮನೂ ಇದೇ ಕೊನೆ, ಆಮೇಲೆ ಬಣ್ಣ ಮುಟ್ಟಕ್ಕಿಲ್ಲ ಅಂದ್ಲು. ಗಂಟ್ಲು ಮೊದ್ಲಂಗಿಲ್ವಂತೆ."

ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ಒಪ್ಪಿದೆ. ನಾಟಕದ ದಿನ ಮಧ್ಯಾಹ್ನ ಕಮಲಮ್ಮ ಬಸ್ಸಿಳಿದಳು. ಅದೇ ಟ್ರಂಕು, ಹೊಸ ಫ್ಲಾಸ್ಕು. "ಮಂಡಿ ಹೆಂಗೈತೆ ಮೇಷ್ಟ್ರೇ?" ಎಂದು ಕೇಳಿದಳು. ಶ್ರುತಿ ಕೇಳಿದಳು. ಬಣ್ಣಕ್ಕೆ ಕೂತಳು. "ಈ ಸಲ?" ಎಂದು ಕೇಳಲಿಲ್ಲ. ನಾನು ಸುತ್ತಮುತ್ತ ಸುಳಿದಾಡಿದೆ, ಕೆಮ್ಮಿದೆ, ಪೆಟ್ಟಿಗೆಯ ಬಟ್ಟೆ ತೆಗೆದು ಮನೆಗಳನ್ನು ಒರೆಸಿದೆ. ಅವಳು ಹುಬ್ಬು ತೀಡಿಕೊಳ್ಳುತ್ತಿದ್ದಳು. ಕೇಳುವುದನ್ನೇ ಬಿಟ್ಟಿದ್ದಾಳೆ ಎಂದು ತಿಳಿಯಿತು. ಇವತ್ತು ಆ ಮನೆಯನ್ನು ಒತ್ತಿಯೇ ಒತ್ತುತ್ತೇನೆ, ಊರು ಮುಳುಗಿದರೂ ಸರಿ ಎಂದು ತೀರ್ಮಾನಿಸಿದೆ. ಬುದ್ಧಿವಂತನಾದವನು ಅದನ್ನು ಅವಳಿಗೆ ಮುಂಚೆಯೇ ಹೇಳುತ್ತಿದ್ದ. ನಾನು ಅವಳನ್ನು ಅಚ್ಚರಿಗೊಳಿಸಲು ಹೊರಟೆ.

ಬೆಳಕು ಹರಿಯಿತು. ಹಾಲಿನ ಕ್ಯಾನಿನವರು ಬಂದು ಅಂಚಿನಲ್ಲಿ ನಿಂತರು. ಪುಟ್ಟಸ್ವಾಮಿ ತನ್ನ ಚರಣವನ್ನು ಉಸ್ ಸಮೇತ ಹಾಡಿ ಜನರನ್ನು ಎಬ್ಬಿಸಿ ಕೂರಿಸಿದ. ಕಮಲಮ್ಮ ಮುಂದೆ ಬಂದಳು. ದನಿ ಸ್ವಲ್ಪ ಒಡೆದಿತ್ತು, ಆದರೂ ದಾರಿ ತಪ್ಪಲಿಲ್ಲ. 'ಹೊಸ್ತಿ' ಎಂದಳು. ನಾನು ಹೊಸ ಮನೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ಅವಳು ಅಷ್ಟು ವರ್ಷದ ರೂಢಿಯಂತೆ ಉಸ್ ಎಂದು ಉಸಿರು ಬಿಟ್ಟು ಮೇಲಿನ ಷಡ್ಜಕ್ಕೆ ಹಾರಿದಳು. ನನ್ನ ನಿಷಾದವೂ ಅವಳ ಷಡ್ಜವೂ ಎದುರುಬದುರಾಗಿ ಬಡಿದುಕೊಂಡವು. ಕಿವಿ ಮುಚ್ಚಿಕೊಳ್ಳುವಂತಾಯಿತು.

"ಮೇಷ್ಟ್ರಿಗೆ ವಯಸ್ಸಾಯ್ತು ಕಣ್ರೋ," ಎಂದು ಯಾರೋ ನಕ್ಕರು. ಎಲ್ಲರೂ ನಕ್ಕರು. ಪುಟ್ಟಸ್ವಾಮಿ ಕಿರೀಟದ ಕೆಳಗಿನಿಂದ ನನ್ನನ್ನು ದುರುಗುಟ್ಟಿ ನೋಡಿದ.

ಕಮಲಮ್ಮ ಹಾಡು ನಿಲ್ಲಿಸಿದ್ದಳು. ಅವಳೂ ನನ್ನನ್ನು ನೋಡಿದಳು. ನನ್ನ ಬೆರಳು ಇನ್ನೂ ಆ ಬಿಳಿಯ ಮನೆಯ ಮೇಲೇ ಇತ್ತು. ಅವಳ ಕಣ್ಣು ಅಲ್ಲಿಗೆ ಬಂದು ನಿಂತಿತು. ಮತ್ತೆ ನನ್ನ ಮುಖಕ್ಕೆ ಬಂತು. ಆಮೇಲೆ ಅವಳು ಪುಟ್ಟಸ್ವಾಮಿಯ ಕಡೆ ತಿರುಗಿ, ರಾಣಿಯ ದನಿಯಲ್ಲೇ, ನಾಟಕದಲ್ಲಿ ಎಲ್ಲೂ ಇಲ್ಲದ ಮಾತೊಂದನ್ನು ಆಡಿದಳು.

"ಹೊಸ್ತಿಲು ಎಡವಿದೆ, ಸ್ವಾಮಿ. ಅರಮನೆಗೆ ಇನ್ನೊಮ್ಮೆ ಕೈ ಮುಗಿದು ಬರುತ್ತೇನೆ."

ಹೇಳಿ ಪರದೆಯ ಹಿಂದಕ್ಕೆ ನಡೆದಳು. ಪುಟ್ಟಸ್ವಾಮಿ ಏನು ಮಾಡಲೂ ತೋಚದೆ ರಾಜಗಾಂಭೀರ್ಯದಿಂದ ಮೀಸೆ ನೇವರಿಸಿಕೊಂಡು ನಿಂತ. ಅವಳು ಮತ್ತೆ ಬಂದಳು. ಮೊದಲಿನಿಂದ ಎತ್ತಿದಳು. 'ಹೊಸ್ತಿ' ಎಂಬಲ್ಲಿಗೆ ಬರುವಾಗ ನನಗೆ ಭಯವಾಯಿತು, ಮತ್ತೆ ಕೆಡಿಸಿಬಿಟ್ಟರೆ ಎಂದು. ಎರಡೂ ಕೈಗಳನ್ನು ಪೆಟ್ಟಿಗೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಕಾಲು ಮಾತ್ರ ತನ್ನ ಪಾಡಿಗೆ ತಿದಿ ಒತ್ತುತ್ತಿತ್ತು.

ಅವಳು ನಿಷಾದಕ್ಕೆ ಬಂದು ನಿಂತಳು. ಉಸಿರು ಬಿಡಲಿಲ್ಲ, ಹಾರಲಿಲ್ಲ, ನಿಂತಳು. ಒಡೆದ ದನಿ ಮೊದಲು ನಡುಗಿತು, ಆಮೇಲೆ ನೇರವಾಯಿತು. ಒಂದು ಆಸರೆಯಿಲ್ಲ, ಶ್ರುತಿಯಿಲ್ಲ. ಇಷ್ಟು ಸಾಕು ಎಂದು ನನಗನ್ನಿಸಿದ ಮೇಲೂ ನಿಂತಿದ್ದಳು. ಕ್ಯಾನು ಹಿಡಿದವನೊಬ್ಬ ಅದನ್ನು ಕೆಳಗಿಡಲು ಬಗ್ಗಿದವನು ಹಾಗೇ ಬಗ್ಗಿ ನಿಂತಿದ್ದ. ಯಾರೂ ಕೆಮ್ಮಲಿಲ್ಲ. ನನ್ನ ಗುರುಗಳು ನನ್ನ ಬೆರಳನ್ನು ಅದುಮಿ ಹಿಡಿದದ್ದು ನೆನಪಾಗಿ ಕಣ್ಣು ತುಂಬಿತು. ಕೊನೆಗೆ ಅವಳು ಮೆಲ್ಲಗೆ ಮೇಲಿನ ಷಡ್ಜಕ್ಕೆ ಕಾಲಿಟ್ಟು ಹೊಸ್ತಿಲು ದಾಟಿದಳು. ಆಗ ಅಲ್ಲಿ ಕೂತಿದ್ದ, ನಿಂತಿದ್ದ ಅಷ್ಟೂ ಜನ, ಅಷ್ಟು ಹೊತ್ತು ಹಿಡಿದುಕೊಂಡಿದ್ದ ಉಸಿರನ್ನು ಒಟ್ಟಿಗೇ ಬಿಟ್ಟರು. ಉಸ್ ಎಂದು ಕೇಳಿಸಿತು.

ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ಪುಟ್ಟಸ್ವಾಮಿ ಮುಂದಿನ ಮಾತು ಮರೆತ. ನಾನು ಎತ್ತಿಕೊಡಬೇಕಿತ್ತು, ನನಗೂ ಮರೆತಿತ್ತು.

ಬಣ್ಣದ ಮನೆಯಲ್ಲಿ ಅವಳು ಎಂದಿನಂತೆ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಪುಟ್ಟಸ್ವಾಮಿ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ. ಅದರ ಮಣಿಗಳನ್ನು ತಿರುವುತ್ತ ಹೇಳಿದ.

"ಚೆನ್ನಾಗಿತ್ತು ಕಣಮ್ಮ. ಆದ್ರೆ ಉಸ್ ಬುಟ್‌ಬುಟ್ಟೆ ನೀನು."

"ಅದ್ನ ನೀವೇ ಮಾಡುದ್ರಲ್ಲಣ್ಣ, ಎಲ್ಲಾರೂ ಸೇರ್ಕಂಡು," ಎಂದಳು ಅವಳು.

ಅವನು ಹೊರಗೆ ಹೋದ ಮೇಲೆ ನಾನು ಕೇಳಿದೆ. "ನಿಮ್ಮವ್ವ ಅಲ್ಲಿ ಅಷ್ಟು ಹೊತ್ತು ನಿಲ್ತಿದ್ರಾ ಕಮಲಮ್ಮ?"

ಅವಳು ಕನ್ನಡಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಅರ್ಧ ಮುಖ ರಾಣಿಯದು, ಅರ್ಧ ಅವಳದೇ.

"ಇಲ್ಲ ಮೇಷ್ಟ್ರೇ, ಅವ್ಳು ನಿಲ್ತಿದ್ದಿದ್ದು ಒಸಿ ಹೊತ್ತು. ನೀವು ಮುಂದಿನ ಸಲ, ಮುಂದಿನ ಸಲ ಅಂತಿದ್ರಲ್ಲ, ಅಷ್ಟೂ ಸಲದ್ದು ಸೇರ್ಸಿ ನಿಂತೆ."